ಹಿಮದ ಆಳಕ್ಕೆ ಅತಿಶಯೋಕ್ತಿ ಸಲ್ಲುವುದೇ?

ಮಾನ್ಯರೇ,

ಕಳೆದ ಸಂಚಿಕೆಯಲ್ಲಿ ಪ್ರಕಟವಾದ, ಕೊಡಗಿನ ನಿವೃತ್ತ ಯೋಧರೊಬ್ಬರ ಕಾಶ್ಮೀರದ ನೆನಪುಗಳನ್ನು ಕುರಿತು ನೀವು ವಿರಾಜಪೇಟೆಯಿಂದ ಬರೆದ ಪತ್ರ ತಲುಪಿದೆ. ‘ಆ ಬೆಳಿಗ್ಗೆ ನಾವು ಹೇಸರಗತ್ತೆಯ ಬೆನ್ನಿಗೆ ಹತ್ತಲಿಲ್ಲ, ಇಳಿದು ಕುಳಿತೆವು’ ಎಂದು, ಹಿಮ ಹೇಸರಗತ್ತೆಯ ಬೆನ್ನಿಗಿಂತಲೂ ಮೇಲೆ ನಿಂತಿತ್ತೆಂಬ ಅರ್ಥದಲ್ಲಿ ಅವರು ಬರೆದ ಸಾಲನ್ನು ಎತ್ತಿ ತೋರಿಸಿ, ಸೈನಿಕನ ಅನುಭವಕಥನದಲ್ಲಿ ಇಂಥ ಬುರುಡೆಗೆ ಜಾಗ ಕೊಟ್ಟರೆ ಹಿಮವನ್ನೇ ಕಾಣದ ನಮ್ಮ ಮಕ್ಕಳು ಯಾವುದನ್ನು ನಂಬಬೇಕು ಎಂದು ಕೇಳಿದ್ದೀರಿ. ಲಡಾಖಿನ ಕೊರೆಯುವ ಚಳಿಯ ದ್ರಾಸ್‌ನಲ್ಲಿ ಚಳಿಗಾಲ ಕಳೆದವರು ಕೇಳಿದ ಪ್ರಶ್ನೆಯಾದ್ದರಿಂದ ಅದಕ್ಕೆ ತೂಕವಿದೆ. ಆದರೆ ಆ ಸಾಲನ್ನು ನಾವು ಬೇಕೆಂದೇ ಉಳಿಸಿಕೊಂಡೆವು.

ಕೊಡಗಿನ ಜಡಿಮಳೆಯ ತಿಂಗಳಾದ ಕಕ್ಕಡದಲ್ಲಿ ಭಾಗಮಂಡಲದ ಕಡೆಯಿಂದ ಬಂದವರು ‘ಆಕಾಶಕ್ಕೇ ತೂತು ಬಿದ್ದಿದೆ’ ಎಂದರೆ ಯಾರೂ ತಲೆಯೆತ್ತಿ ನೋಡುವುದಿಲ್ಲ. ಹಾಗೆ ಹೇಳುವ ಬೆಳೆಗಾರರೇ ಕಾಫಿಯ ಹೂ ಅರಳಿಸುವ ಹೂಮಳೆಯ ಕಾಲಕ್ಕೆ ಬೇರೆಯವರಾಗಿಬಿಡುತ್ತಾರೆ. ಬೆಳಿಗ್ಗೆ ಅಂಗಳಕ್ಕಿಳಿದು, ಮಳೆಮಾಪಕದ ನೀರನ್ನು ಗಾಜಿನ ಅಳತೆಗೆ ಸುರಿದು, ಅದನ್ನು ಕಣ್ಣಿನ ಮಟ್ಟಕ್ಕೆ ಹಿಡಿದು, ‘ಒಂದು ಇಂಚು ಹತ್ತು ಸೆಂಟು’ ಎಂದು ಡೈರಿಯಲ್ಲಿ ಬರೆಯುತ್ತಾರೆ (ಸೆಂಟು ಎಂದರೆ ಇಂಚಿನ ನೂರನೇ ಒಂದು ಪಾಲು). ರೊಬಸ್ಟಾ ಕಾಫಿ ಚೆನ್ನಾಗಿ ಅರಳಲು ಹೆಚ್ಚುಕಡಿಮೆ ಒಂದು ಇಂಚಾದರೂ ಬೇಕು. ಅರೆಬರೆ ಮಳೆ ಬಿದ್ದರೆ ಫಸಲಿಗೇ ಪೆಟ್ಟು. ಅಲ್ಲಿ ಯಾರೂ ಅಲಂಕಾರದ ಗೋಜಿಗೆ ಹೋಗುವುದಿಲ್ಲ.

ಅತಿಶಯೋಕ್ತಿ ಎಂದರೆ ಲೋಕಸೀಮೆಯನ್ನು ಮೀರುವ ಮಾತು ಎಂದ ಸಂಸ್ಕೃತದ ಅಲಂಕಾರಶಾಸ್ತ್ರಜ್ಞ ದಂಡಿ, ಅದನ್ನು ಅಲಂಕಾರಗಳಲ್ಲೆಲ್ಲ ಉತ್ತಮವೆಂದೂ ಕರೆದ. ಸೀಮೆ ಮೀರಿದ್ದು ತಿಳಿಯಬೇಕಾದರೆ ಕೇಳುವವನಿಗೆ ಸೀಮೆ ಎಲ್ಲಿದೆ ಎಂಬುದು ಗೊತ್ತಿರಬೇಕು. ಮಳೆಯ ಸೀಮೆ ನಮಗೆಲ್ಲ ಗೊತ್ತು, ಹಿಮದ ಸೀಮೆ ನಮ್ಮ ಬಹುಪಾಲು ಓದುಗರಿಗೆ ಗೊತ್ತಿಲ್ಲ. ಹೇಸರಗತ್ತೆಯ ಮೇಲೆ ‘ಇಳಿದು’ ಕುಳಿತರೆಂದಾಗ ಅದು ತಮಾಷೆ ಎಂಬುದು ಮಕ್ಕಳಿಗೂ ಹೊಳೆಯುತ್ತದೆ. ‘ನಲವತ್ತು ಅಡಿ ಹಿಮ’ ಎಂದು ಬರೆದರೆ ಹೊಳೆಯುವುದಿಲ್ಲ. ಲೇಖಕರ ಹಸ್ತಪ್ರತಿಯಲ್ಲಿ ಆ ನಲವತ್ತು ಅಡಿಯೂ ಇತ್ತು. ವಿಚಾರಿಸಿದಾಗ ಅಳೆದವರು ಯಾರೂ ಇರಲಿಲ್ಲವೆಂದು ಅವರೇ ನಕ್ಕರು. ಅಂಕಿ ಹೋಯಿತು, ಹೇಸರಗತ್ತೆ ಉಳಿಯಿತು.

ಹಾಗೆಂದು ನಲವತ್ತು ಅಡಿ ಅಸಂಭವವೆಂದು ತಿಳಿಯಬೇಡಿ. ಜಪಾನಿನ ಇಬುಕಿ ಬೆಟ್ಟದ ಮೇಲೆ 1927ರ ಫೆಬ್ರುವರಿಯಲ್ಲಿ ನೆಲದ ಮೇಲೆ ನಿಂತ ಹಿಮದ ಆಳ 11.82 ಮೀಟರ್, ಅಂದರೆ ಸುಮಾರು 39 ಅಡಿ. ಆ ಬೆಟ್ಟದ ಎತ್ತರವೋ 1,377 ಮೀಟರ್; ನಮ್ಮ ಕೊಡಗಿನ 1,748 ಮೀಟರಿನ ತಡಿಯಂಡಮೋಳ್ ಬೆಟ್ಟ ಅದಕ್ಕಿಂತ ಎತ್ತರ! ಸೈಬೀರಿಯಾದ ಶೀತಗಾಳಿ ಜಪಾನ್ ಸಮುದ್ರವನ್ನು ದಾಟುವಾಗ ತೇವವನ್ನು ಹೀರಿಕೊಂಡು, ಆ ಕಡೆಯ ಬೆಟ್ಟಗಳಿಗೆ ಬಡಿದು ಹಿಮವಾಗಿ ಸುರಿಯುವುದೇ ಇದಕ್ಕೆ ಕಾರಣ. ಇನ್ನೊಂದು ಗೊಂದಲವೂ ಉಂಟು. ಅಮೆರಿಕದ ಮೌಂಟ್ ಬೇಕರ್ ಸ್ಕೀ ತಾಣದಲ್ಲಿ 1998–99ರಲ್ಲಿ 1,140 ಇಂಚು, ಎಂದರೆ 95 ಅಡಿ ಹಿಮ ದಾಖಲಾಯಿತು. ಆದರೆ ಅದು ಆ ಇಡೀ ಋತುವಿನಲ್ಲಿ ಬಿದ್ದದ್ದರ ಮೊತ್ತ, ಒಂದು ದಿನ ನಿಂತಿದ್ದ ಆಳವಲ್ಲ. ಹೊಸ ಹಿಮ ತನ್ನ ಭಾರಕ್ಕೆ ತಾನೇ ಕುಸಿದು ಗಟ್ಟಿಯಾಗುತ್ತ ಹೋಗುತ್ತದೆ. ಹತ್ತು ಇಂಚು ಹೊಸ ಹಿಮವನ್ನು ಕರಗಿಸಿದರೆ ಸಾಮಾನ್ಯವಾಗಿ ಒಂದು ಇಂಚು ನೀರು ಸಿಗುತ್ತದೆ. ಪ್ರವಾಸ ಬರಹಗಾರರು ಈ ಮೂರು ಲೆಕ್ಕಗಳನ್ನು ಬೆರೆಸಿ, ಅವುಗಳಲ್ಲಿ ದೊಡ್ಡದನ್ನು ಆರಿಸಿಕೊಳ್ಳುವುದನ್ನು ನಾನು ಬಹಳ ನೋಡಿದ್ದೇನೆ. ನನ್ನ ಸಿಟ್ಟೆಲ್ಲ ಅವರ ಮೇಲೆ.

ಅತಿಶಯೋಕ್ತಿ ಕಾಲಿಡಬಾರದ ಜಾಗವೂ ಒಂದಿದೆ ಎಂಬ ನಿಮ್ಮ ಮಾತನ್ನು ಪೂರ್ತಿ ಒಪ್ಪುತ್ತೇನೆ. 2016ರ ಫೆಬ್ರುವರಿ 3ರಂದು ಸಿಯಾಚಿನ್‌ನಲ್ಲಿ ಹಿಮಕುಸಿತಕ್ಕೆ ಸಿಲುಕಿದ ಧಾರವಾಡ ಜಿಲ್ಲೆಯ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರನ್ನು ಆರು ದಿನಗಳ ಬಳಿಕ ಹಲವಾರು ಅಡಿ ಹಿಮದಡಿಯಿಂದ ಜೀವಂತವಾಗಿ ಹೊರತೆಗೆದರು. ಫೆಬ್ರುವರಿ 11ರಂದು ಅವರು ದೆಹಲಿಯಲ್ಲಿ ಕೊನೆಯುಸಿರೆಳೆದರು. ಅಲ್ಲಿ ಒಂದು ಅಡಿ ಹೆಚ್ಚಿಸಿ ಬರೆದರೂ ಅದು ಅಪಚಾರ. ನಮ್ಮ ಲೇಖಕರು ತಮ್ಮ ತುಕಡಿಯವರ ಸಾವನ್ನು ಹೇಳುವ ಪುಟದಲ್ಲಿ ಒಂದೇ ಒಂದು ಉಪಮೆಯನ್ನೂ ಬಳಸಿಲ್ಲ. ದಯವಿಟ್ಟು ಅದನ್ನು ಮತ್ತೊಮ್ಮೆ ಓದಿ.

ಪತ್ರದ ಕೊನೆಯಲ್ಲಿ ದ್ರಾಸ್‌ನ ಬಂಕರಿನ ಬಗ್ಗೆ ನೀವು ಬರೆದ ಎರಡು ಸಾಲು ನಮಗೆ ಸಾಲದು. ವಿವರವಾಗಿ ಬರೆದು ಕಳುಹಿಸಿ. ಹಿಮದ ಆಳವನ್ನು ಅಡಿಗಳಲ್ಲಿ ಹೇಳುವುದಾದರೆ, ಅಳೆದದ್ದು ಕೋಲಿನಿಂದಲೋ ಕಣ್ಣಂದಾಜಿನಿಂದಲೋ ಎಂಬುದನ್ನೂ ಅಂಚಿನಲ್ಲಿ ಗುರುತು ಮಾಡಿ.

– ಸಂಪಾದಕ