ನಡುವಿನ ದಾರಿಯನ್ನು ಬರೆಯಿರಿ: ಲಕ್ಕುಂಡಿಯ ಲೇಖಕರೊಬ್ಬರಿಗೆ ಉತ್ತರ

ಪ್ರಿಯ ಲೇಖಕರೇ,

'ಲಕ್ಕುಂಡಿ–ಗದಗ: ಇತಿಹಾಸದ ಅವಳಿ ರತ್ನಗಳು' ಎಂಬ ನಿಮ್ಮ ಲೇಖನ ಕೈಸೇರಿತು. ಎರಡು ಸಲ ಓದಿದೆ. ಎರಡನೇ ಸಲ ಪೆನ್ಸಿಲ್ ಹಿಡಿದು ಓದಿದೆ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಇದರ ಒಳಗೆ ಒಂದು ಒಳ್ಳೆಯ ಲೇಖನ ಇದೆ. ಅದನ್ನು ಹೊರಗೆ ತೆಗೆಯಲು ನೀವು ಇನ್ನೊಂದು ಸಲ ಕೂರಬೇಕು. ಅದಕ್ಕೇ ಇಷ್ಟು ಉದ್ದದ ಉತ್ತರ.

ನೀವು ಬರೆದದ್ದು 14 ಪುಟ. ಮೊದಲ 7 ಪುಟ ಲಕ್ಕುಂಡಿ. ಆಮೇಲಿನ 6 ಪುಟ ಗದಗ. ಕೊನೆಯ ಪುಟದಲ್ಲಿ 'ಹೀಗೆ ಈ ಎರಡೂ ಊರುಗಳು ಅವಿನಾಭಾವ ಸಂಬಂಧ ಹೊಂದಿವೆ' ಎಂಬ ಮಾತು. ಆ ಸಂಬಂಧ ಏನು ಅಂತ ನಾನು ಉಳಿದ ಪುಟಗಳಲ್ಲಿ ಹುಡುಕಿದೆ. ಸಿಗಲಿಲ್ಲ. ಎರಡು ಬೇರೆ ಲೇಖನಗಳನ್ನು ಬೆನ್ನಿಗೆ ಬೆನ್ನು ತಾಗಿಸಿ ಕೂರಿಸಿದ್ದೀರಿ, ಅವು ಒಂದರ ಮುಖ ಒಂದು ನೋಡುತ್ತಿಲ್ಲ. ಶೀರ್ಷಿಕೆಯ 'ಅವಳಿ' ಕೂಡ ಬೇಡ. ಅವಳಿ ಅಂದರೆ ಆ ಕಡೆಯವರಿಗೆ ಗದಗ–ಬೆಟಗೇರಿ ಎಂಬ ಅವಳಿ ಪಟ್ಟಣ ನೆನಪಾಗುತ್ತದೆ, ಅಲ್ವಾ? ಲಕ್ಕುಂಡಿಗೂ ಗದಗಿಗೂ ಇರುವ ನಂಟೇ ಬೇರೆ. ಒಂದು ಕಾಲದಲ್ಲಿ ಲಕ್ಕುಂಡಿ ಪೇಟೆಯಾಗಿತ್ತು, ಈಗ ಗದಗ ಪೇಟೆ. ಈ ಅದಲುಬದಲೇ ನಿಮ್ಮ ಕಥೆ. ಅದನ್ನು ಬಿಟ್ಟು ಉಳಿದದ್ದೆಲ್ಲ ಬರೆದಿದ್ದೀರಿ.

ನಿಮ್ಮ 5ನೇ ಪುಟದಲ್ಲಿ ಹೊಯ್ಸಳ ಇಮ್ಮಡಿ ವೀರಬಲ್ಲಾಳ ಬರುತ್ತಾನೆ. ಯಾದವರನ್ನು ಸೋಲಿಸಿದ, ಲೊಕ್ಕಿಗುಂಡಿಯನ್ನು (ಲಕ್ಕುಂಡಿಯ ಹಳೆಯ ಹೆಸರು) ನೆಲೆವೀಡು ಮಾಡಿಕೊಂಡ ಎಂದು ಒಂದು ಸಾಲು. 10ನೇ ಪುಟದಲ್ಲಿ ಗದಗಿನ ತ್ರಿಕೂಟೇಶ್ವರ ದೇವಾಲಯ ಬರುತ್ತದೆ. ಅಲ್ಲಿ '1192ರ ಒಂದು ಶಾಸನವಿದೆ' ಎಂದು ಇನ್ನೊಂದು ಸಾಲು. ಈ ಎರಡು ಸಾಲುಗಳ ನಡುವೆ 5 ಪುಟ ದೂರ! ಆದರೆ ಅವು ಒಂದೇ ಘಟನೆ. ರಾಜ ಲೊಕ್ಕಿಗುಂಡಿಯ ಬೀಡಿನಲ್ಲಿದ್ದಾನೆ. ಅಲ್ಲಿಂದ ಗದಗಿನ ತ್ರಿಕೂಟೇಶ್ವರನಿಗೆ ದತ್ತಿ ಬಿಡುತ್ತಾನೆ. ದತ್ತಿ ಬಿಟ್ಟದ್ದು ಹೊಂಬಾಳಲು ಎಂಬ ಊರು. ಗದಗ ತಾಲ್ಲೂಕಿನ ಹೊಂಬಳ ಇವತ್ತೂ ಇದೆ. ತೀರ್ಮಾನ ಆದದ್ದು ನಿಮ್ಮ ಊರಲ್ಲಿ. ಕಲ್ಲು ನಿಂತದ್ದು ಗದಗಿನಲ್ಲಿ. ಆದಾಯ ಬಂದದ್ದು ಮೂರನೇ ಊರಿನ ಹೊಲದಿಂದ. ಮೂರೂ ಊರನ್ನು ಒಂದು ಶಾಸನ ಕಟ್ಟಿಹಾಕಿದೆ. ಇದಕ್ಕಿಂತ ಒಳ್ಳೆಯ ಸಂಬಂಧ ಬೇಕಾ? ಇದನ್ನು ಒಂದು ಪುಟ ತುಂಬಾ ಬರೆಯಿರಿ. ಅವಸರ ಮಾಡಬೇಡಿ. ಓದುವವರಿಗೆ ಆ ಕಾಲದಲ್ಲಿ ಯಾವುದು ದೊಡ್ಡ ಊರು ಅಂತ ನೀವು ಬಾಯಿಬಿಟ್ಟು ಹೇಳುವುದೇ ಬೇಕಾಗುವುದಿಲ್ಲ.

ಲೊಕ್ಕಿ ಗದ್ಯಾಣ ಎಂಬ ಚಿನ್ನದ ನಾಣ್ಯದ ವಿಷಯವೂ ಹಾಗೇ. ಲೊಕ್ಕಿಗುಂಡಿಯಲ್ಲಿ ನಾಣ್ಯ ಒತ್ತುವ ಟಂಕಸಾಲೆ ಇತ್ತು, ಅಲ್ಲಿಯ ಹೊನ್ನಿಗೆ ಊರಿನದೇ ಹೆಸರು ಬಿತ್ತು, ಆ ಹೆಸರು ಶಾಸನಗಳಲ್ಲಿ ಬರುತ್ತದೆ. ಇದನ್ನು ನೀವು 'ಇತರ ವಿಶೇಷಗಳು' ಎಂಬ ಉಪಶೀರ್ಷಿಕೆಯ ಕೆಳಗೆ ಹಾಕಿದ್ದೀರಿ. ಒಂದು ಊರಿನ ಹೆಸರೇ ದುಡ್ಡಿನ ಹೆಸರಾಗುವುದು ಇತರ ವಿಶೇಷ ಅಲ್ಲ. ಬಲ್ಲಾಳ ಯಾಕೆ ಅಲ್ಲಿ ಬಂದು ಕೂತ ಎಂಬ ಪ್ರಶ್ನೆಯ ಪಕ್ಕದಲ್ಲೇ ಅದಕ್ಕೆ ಜಾಗ. ಉಪಶೀರ್ಷಿಕೆಗಳನ್ನು ಪೂರ್ತಿ ತೆಗೆದುಬಿಡಿ. ಅವು ಇರುವುದರಿಂದಲೇ ನಿಮ್ಮ ವಿಷಯಗಳು ಒಂದಕ್ಕೊಂದು ಮಾತಾಡುತ್ತಿಲ್ಲ.

ಇನ್ನು ಅತ್ತಿಮಬ್ಬೆ. ಅವಳಿಗೆ ಮೂರು ಪುಟ ಕೊಟ್ಟಿದ್ದೀರಿ, ಸಂತೋಷ. ಆದರೆ ಆ ಮೂರು ಪುಟದಲ್ಲಿ ಗುಣವಾಚಕಗಳೇ ಜಾಸ್ತಿ: 'ಸ್ತ್ರೀರತ್ನ', 'ಕರುಣಾಮಯಿ', 'ನಾಡಿನ ಕಣ್ಮಣಿ'. ಇವನ್ನು ಯಾರ ಹೆಸರಿನ ಹಿಂದೆ ಹಾಕಿದರೂ ನಡೆಯುತ್ತದೆ. ಅವಳೊಬ್ಬಳೇ ಮಾಡಿದ್ದನ್ನು ಹೇಳಿ. 1007ರಲ್ಲಿ ಲಕ್ಕುಂಡಿಯಲ್ಲಿ ಬ್ರಹ್ಮಜಿನಾಲಯ ಕಟ್ಟಿಸಿದಳು. ಕವಿ ಪೊನ್ನನ ಶಾಂತಿಪುರಾಣಕ್ಕೆ 1000 ಪ್ರತಿ ಮಾಡಿಸಿದಳು. ಆ 1000ದ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಓಲೆಗರಿಯ ಕಾಲ. ಒಂದೊಂದು ಅಕ್ಷರವನ್ನೂ ಕಂಟದಿಂದ ಕೊರೆದು, ಮಸಿ ತುಂಬಿ, ತೂತು ಹಾಕಿ, ದಾರ ಪೋಣಿಸಬೇಕು. ಒಂದು ಪ್ರತಿಗೆ ಇಷ್ಟು ಕೆಲಸ ಅಂದರೆ 1000 ಪ್ರತಿಗೆ ಎಷ್ಟು ಕೈ, ಎಷ್ಟು ದಿನ, ಎಷ್ಟು ಹೊನ್ನು? ಈ ಲೆಕ್ಕ ಓದುಗರ ತಲೆಯಲ್ಲಿ ಒಂದು ಸಲ ಓಡಿದರೆ 'ದಾನಚಿಂತಾಮಣಿ' ಎಂಬ ಬಿರುದಿಗೆ ಜೀವ ಬರುತ್ತದೆ. ಒಂದು ತಿದ್ದುಪಡಿ: ಆ ಪ್ರತಿಗಳನ್ನು 'ಲಕ್ಕುಂಡಿಯಲ್ಲೇ' ಬರೆಸಿದಳು ಅಂದಿದ್ದೀರಿ. ಆಧಾರ ಕೊಟ್ಟಿಲ್ಲ. ಅಭಿಮಾನದಿಂದ ಬರೆದಿದ್ದೀರಿ ಅಂತ ಗೊತ್ತು, ಆದರೂ ಆ ಮಾತು ತೆಗೆಯಬೇಕು. ಅಂಥ ಒಂದು ಮಾತು ಸುಳ್ಳು ಅಂತ ಕಂಡರೆ ಪಕ್ಕದಲ್ಲಿರುವ ಹತ್ತು ನಿಜವನ್ನೂ ಜನ ನಂಬುವುದಿಲ್ಲ.

ಓದುವಾಗ ನನಗೆ ಹೊಳೆದದ್ದು ಇನ್ನೊಂದು. ಗದಗನ್ನು ಮುದ್ರಣ ಕಾಶಿ ಅನ್ನುತ್ತಾರೆ. ನಿಮ್ಮ 12ನೇ ಪುಟದಲ್ಲೂ ಆ ಮಾತಿದೆ. ಪುಸ್ತಕ ನಾಡಿಗೆಲ್ಲ ಹಂಚಬೇಕು ಎಂಬ ಹಂಬಲ ಇಟ್ಟುಕೊಂಡವಳ ಜಿನಾಲಯ ಇಲ್ಲಿ, ಅಚ್ಚಿನ ಮೊಳೆ ಜೋಡಿಸಿದ ಊರು ಅಲ್ಲಿ. ಇದನ್ನು ಹೋಲಿಕೆ ಮಾಡಿ ಎಳೆಯಬೇಡಿ. ಎರಡನ್ನೂ ಹತ್ತಿರ ತಂದಿಟ್ಟು ಸುಮ್ನೆ ಮುಂದೆ ಹೋಗಿ.

ತಪ್ಪುಗಳಿಗೆ ಬರೋಣ. ಕಾಶಿ ವಿಶ್ವೇಶ್ವರ ದೇವಾಲಯ ಹೊಯ್ಸಳರು ಕಟ್ಟಿದ್ದಲ್ಲ, ಕಲ್ಯಾಣ ಚಾಲುಕ್ಯರ ಕಾಲದ್ದು. ಎದುರುಬದುರು ಎರಡು ಗರ್ಭಗುಡಿ ಇರುವ ಗುಡಿ ಅದು, ಒಂದು ಶಿವನಿಗೆ, ಒಂದು ಸೂರ್ಯನಿಗೆ. ಜಕಣಾಚಾರಿಯ ಕಥೆಯನ್ನು ಕಥೆ ಅಂತಲೇ ಹೇಳಿ. '101 ಗುಡಿ, 101 ಬಾವಿ' ಊರವರ ಬಾಯಲ್ಲಿರುವ ಮಾತು, ಎಣಿಸಿ ಬರೆದ ಲೆಕ್ಕ ಅಲ್ಲ. 'ಅಂತ ನಮ್ಮೂರಲ್ಲಿ ಹೇಳುತ್ತಾರೆ' ಎಂದು ಸೇರಿಸಿದರೆ ಸಾಕು, ಸೊಗಸೂ ಉಳಿಯುತ್ತದೆ, ಸತ್ಯವೂ ಉಳಿಯುತ್ತದೆ.

ಇವುಗಳಿಗಿಂತ ದೊಡ್ಡ ತೊಂದರೆ ಇರುವುದು 'ಪರಕೀಯರ ದಾಳಿಯಿಂದ ಲಕ್ಕುಂಡಿ ನಾಶವಾಯಿತು' ಎಂಬ ವಾಕ್ಯದಲ್ಲಿ. ನಾಲ್ಕೈದು ನೂರು ವರ್ಷಗಳ ಇಳಿತವನ್ನು ಒಂದೇ ಏಟಿಗೆ ಮುಗಿಸಿಬಿಟ್ಟಿದ್ದೀರಿ. ನಿಮ್ಮ ಸೀಮೆಯದೇ ಗಾವರವಾಡದ ಶಾಸನ ನೋಡಿ. 11ನೇ ಶತಮಾನದಲ್ಲಿ ಚೋಳರು ನಿಮ್ಮ ಬಯಲುನಾಡಾದ ಬೆಳ್ವೊಲಕ್ಕೆ ನುಗ್ಗಿ ಬಸದಿಗಳನ್ನು ಸುಟ್ಟದ್ದನ್ನು ಅದು ಹೇಳುತ್ತದೆ. ಅಂಥ ಹೊಡೆತ ಬಿದ್ದ ನಾಡು ಅದು. ಆದರೂ ಅದಾಗಿ ನೂರು ವರ್ಷದ ಮೇಲೆ ಬಲ್ಲಾಳ ಬಂದು ಕೂತದ್ದು ಲೊಕ್ಕಿಗುಂಡಿಯಲ್ಲೇ. ಅಂದರೆ ದಾಳಿಯೊಂದರಿಂದಲೇ ಊರು ಸಾಯುವುದಿಲ್ಲ. ರಾಜ ಬೀಡು ಎತ್ತಿದ ಮೇಲೆ, ಟಂಕಸಾಲೆ ನಿಂತ ಮೇಲೆ, ವ್ಯಾಪಾರ ಬೇರೆ ದಾರಿ ಹಿಡಿದ ಮೇಲೆ ಊರು ಮೆಲ್ಲಗೆ ಸಣ್ಣದಾಗುತ್ತದೆ. ಈ ಮೆಲ್ಲಗೆ ಆದದ್ದನ್ನು ಬರೆಯುವುದು ಕಷ್ಟ. ದಯವಿಟ್ಟು ಆ ಕಷ್ಟ ಪಡಿ.

ಗದಗ ಮೇಲೆದ್ದ ಕಥೆಗೆ ಬೇಕಾದ್ದೆಲ್ಲ ನಿಮ್ಮ ಹತ್ತಿರ ಇದೆ, ಚೆಲ್ಲಾಪಿಲ್ಲಿ ಬಿದ್ದಿದೆ ಅಷ್ಟೆ. ಎರೆ ನೆಲ, ಹತ್ತಿ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ಹೋಗುವುದು ಬಹುಮಟ್ಟಿಗೆ ನಿಂತಿತು. ಇಲ್ಲಿಯ ಹತ್ತಿಗೆ ಬೆಲೆ ಏರಿತು. 1880ರ ದಶಕದಲ್ಲಿ ಮೀಟರ್‌ಗೇಜ್ ರೈಲು ಬಂತು. ಹುಬ್ಬಳ್ಳಿ ಕಡೆಯಿಂದ, ಗುಂತಕಲ್ ಕಡೆಯಿಂದ, ಹೊಟಗಿ ಕಡೆಯಿಂದ ಬಂದ ಹಳಿಗಳು ಗದಗಿನಲ್ಲಿ ಕೂಡಿದವು. ಲಕ್ಕುಂಡಿಗೆ ಸ್ಟೇಷನ್ ಬರಲಿಲ್ಲ. ಇಳಿತ ಅದಕ್ಕಿಂತ ಬಹಳ ಮೊದಲೇ ಶುರುವಾಗಿತ್ತು ನಿಜ, ಆದರೆ ರೈಲು ಅದಕ್ಕೆ ಮೊಹರು ಒತ್ತಿತು. ಅಂದಿನಿಂದ ನಿಮ್ಮೂರಿನ ಹತ್ತಿ ಗದಗಿನ ಕಡೆಗೇ ಮುಖ ಮಾಡಬೇಕಾಯಿತು.

ಇಲ್ಲಿಗೆ ಬರಬೇಕು ನಿಮ್ಮ ಅಜ್ಜ. 9ನೇ ಪುಟದ ಕೆಳಗೆ ಎರಡೇ ಸಾಲು ಬರೆದಿದ್ದೀರಿ: 'ನಮ್ಮಜ್ಜ ಹತ್ತಿ ಅಂಡಿಗೆ ಹೇರಿಕೊಂಡು ನಡುರಾತ್ರಿ ಬಂಡಿ ಹೂಡುತ್ತಿದ್ದ. ಬೆಳಕು ಹರಿಯುವಾಗ ಗದಗಿನ ಅಡತಿ ಅಂಗಡಿ ಮುಂದೆ ಇರುತ್ತಿದ್ದ.' ಇಡೀ 14 ಪುಟದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಈ ಎರಡು ಸಾಲು. ಪೆನ್ಸಿಲ್ ಕೆಳಗಿಟ್ಟು ಮತ್ತೆ ಓದಿದೆ. ದೂರ ಹೆಚ್ಚುಕಡಿಮೆ 12 ಕಿಲೋಮೀಟರ್. ಹೇರಿದ ಬಂಡಿಗೆ ಮೂರು–ನಾಲ್ಕು ಗಂಟೆ ಹಿಡಿಯುತ್ತದೆ. ಆ ಮೂರು–ನಾಲ್ಕು ಗಂಟೆಯಲ್ಲಿ ಏನೇನು ಆಗುತ್ತಿತ್ತು? ಒಂಟಿ ಬಂಡಿಯಾ, ಊರಿನ ಬಂಡಿಗಳೆಲ್ಲ ಸಾಲಾಗಿ ಹೋಗುತ್ತಿದ್ದವಾ? ಅಕಾಲದ ಮಳೆ ಬಿದ್ದರೆ ಎರೆ ಮಣ್ಣು ಗಾಲಿಗೆ ಮೆತ್ತಿಕೊಂಡು ಎತ್ತು ನಿಂತುಬಿಡುತ್ತವೆ. ಆಗ ಏನು ಮಾಡುತ್ತಿದ್ದರು? ದರ ಹೇಳುತ್ತಿದ್ದವರು ಯಾರು? ಟವೆಲ್ ಕೆಳಗೆ ಬೆರಳು ಹಿಡಿದು ದರ ಮಾಡುತ್ತಿದ್ದರಾ? ದುಡ್ಡು ಅವತ್ತೇ ಸಿಗುತ್ತಿತ್ತಾ, ಹಳೇ ಸಾಲಕ್ಕೆ ಮುರಿದುಕೊಳ್ಳುತ್ತಿದ್ದರಾ? ವಾಪಸ್ ಬರುವಾಗ ಬಂಡಿಯಲ್ಲಿ ಏನಿರುತ್ತಿತ್ತು? ಅಜ್ಜ ಈಗ ಇಲ್ಲದಿರಬಹುದು. ಆ ಬಂಡಿಯ ಹಿಂದೆ ಕೂತು ಹೋದ ಹಿರಿಯರು ಯಾರಾದರೂ ಇದ್ದೇ ಇರುತ್ತಾರೆ. ಹೋಗಿ ಕೇಳಿ. ಅವರು ಹೇಳಿದ ಹಾಗೇ ಬರೆದುಕೊಳ್ಳಿ, ಅವರ ಮಾತನ್ನು ಪುಸ್ತಕದ ಮಾತು ಮಾಡಬೇಡಿ.

ಒಂದು ಕಾಲಕ್ಕೆ ನಿಮ್ಮೂರಿನ ಬೀಡಿನಲ್ಲಿ ಆದ ದತ್ತಿಯ ಮಾತು ಗದಗಿಗೆ ಹೋಗಿ ಕಲ್ಲಾಯಿತು. ಏಳು ನೂರು ವರ್ಷದ ಮೇಲೆ ನಿಮ್ಮಜ್ಜ ದರ ಕೇಳಲು ನಡುರಾತ್ರಿ ಗದಗಿಗೆ ಹೋದ. ಸೀಮೆ ಅದೇ, ನೆಲ ಅದೇ. ಲೇಖನವನ್ನು ಅಜ್ಜನ ಬಂಡಿಯಿಂದ ಶುರು ಮಾಡಿ. ಬಲ್ಲಾಳ ಆಮೇಲೆ ಬರಲಿ.

ನೀರಿನ ಬಗ್ಗೆ ನೀವು ಬರೆದೇ ಇಲ್ಲ. ಇದು ನನಗೆ ಆಶ್ಚರ್ಯ. ಮಲಪ್ರಭೆ ಬಡಗಣಕ್ಕೆ ದೂರ, ತುಂಗಭದ್ರೆ ತೆಂಕಣಕ್ಕೆ ದೂರ. ನಡುವೆ ಬೆಳ್ವೊಲದ ಬಯಲು, ಅಲ್ಲಿ ಮಳೆಯನ್ನೇ ನಂಬಿದ ಹೊಲ. ಇಂಥಲ್ಲಿ ಅಷ್ಟು ದೊಡ್ಡ ಊರು ನಿಲ್ಲಬೇಕಾದರೆ ಬಾವಿ ಬೇಕೇ ಬೇಕು. ಮಾಣಿಕೇಶ್ವರ ಗುಡಿಯ ಮುಸುಕಿನ ಬಾವಿಯನ್ನು ನೀವು 'ಶಿಲ್ಪಕಲೆಯ ಅದ್ಭುತ' ಅಂದು ಬಿಟ್ಟಿದ್ದೀರಿ. ಅದ್ಭುತ ಹೌದು. ಮೆಟ್ಟಿಲಿಳಿದರೆ ಗೋಡೆಯಲ್ಲಿ ಪುಟ್ಟ ಪುಟ್ಟ ಗುಡಿಗಳು. ಆದರೆ ಅದು ಮೊದಲು ನೀರು. ಕನ್ನೇರ ಬಾವಿ, ಛಟ್ಟೇರ ಬಾವಿ ಎಂಬ ಹೆಸರುಗಳನ್ನೂ ಕೊಡಿ, ಬಾವಿಯ ಹೆಸರಿನಲ್ಲಿ ಊರಿನ ಜನ ಇರುತ್ತಾರೆ. ಗದಗಿಗೆ ಭೀಷ್ಮಕೆರೆ ಇತ್ತು, ಲಕ್ಕುಂಡಿಗೆ ಬಾವಿಗಳಿದ್ದವು. ಈಗ ನಿಮ್ಮ ನಲ್ಲಿಗೆ ನೀರು ಎಲ್ಲಿಂದ ಬರುತ್ತದೆ? ಅದನ್ನೂ ಬರೆಯಿರಿ.

ತೆಗೆಯಬೇಕಾದ್ದು ಒಂದಿಷ್ಟಿದೆ. 1905ರ ಕಣಗಿನಹಾಳದ ಸಹಕಾರ ಸಂಘ, ದೇಶದ ಮೊದಲ ಕೃಷಿ ಸಹಕಾರ ಸಂಘ. ಒಂದೂವರೆ ಪುಟ ಚೆನ್ನಾಗಿಯೇ ಬರೆದಿದ್ದೀರಿ. ಆದರೂ ತೆಗೆಯಿರಿ. ಅದು ಕಣಗಿನಹಾಳದ ಕಥೆ, ಬೇರೆ ಲೇಖನ ಮಾಡಿ ಕಳಿಸಿ, ನಾನು ಖಂಡಿತ ಓದುತ್ತೇನೆ. ಕುಮಾರವ್ಯಾಸನ ಬಗ್ಗೆ ಎರಡು ಪುಟ ಇದೆ. ವೀರನಾರಾಯಣನ ಗುಡಿಯ ಕಂಬದ ಮಾತು ಕನ್ನಡ ಓದುವ ಎಲ್ಲರಿಗೂ ಗೊತ್ತು, ಎರಡು ಸಾಲು ಸಾಕು. ಗದಗ ಜಿಲ್ಲೆ 1997ರಲ್ಲಿ ಧಾರವಾಡದಿಂದ ಬೇರೆಯಾದದ್ದು ಇರಲಿ. ಅದರಿಂದ ನಿಮ್ಮೂರಿನವರ ಓಡಾಟ ಏನು ಬದಲಾಯಿತು ಅಂತ ಒಂದು ಮಾತು ಸೇರಿಸಿ. ಕಾಗದಕ್ಕೊಂದು ಸಹಿ ಬೇಕಾದರೆ ಧಾರವಾಡಕ್ಕೆ ಹೋಗುತ್ತಿದ್ದವರು 12 ಕಿಲೋಮೀಟರಿನಲ್ಲಿ ಕೆಲಸ ಮುಗಿಸಿ ಬಂದರು ಅಂದರೆ ಅದು ಸಣ್ಣ ವಿಷಯ ಅಲ್ಲ.

ಆಧಾರಕ್ಕೆ 1884ರ ಧಾರವಾಡ ಜಿಲ್ಲಾ ಗೆಜೆಟಿಯರ್ ನೋಡಿ. ರೈಲು ಬರುವ ಹೊತ್ತಿಗೆ ಗದಗ ಹೇಗಿತ್ತು ಎಂಬುದಕ್ಕೆ ಒಳ್ಳೆಯ ಸಾಕ್ಷಿ. ಶಾಸನಗಳ ಪಾಠವನ್ನು ಸಂಪುಟಗಳಿಂದಲೇ ಓದಿ, ಇನ್ನೊಬ್ಬರ ಲೇಖನದಿಂದ ಎತ್ತಬೇಡಿ. ಹಳಗನ್ನಡ ಕಷ್ಟ ಅನಿಸಿದರೆ ಕಾಲೇಜಿನ ಕನ್ನಡ ಮೇಷ್ಟ್ರೊಬ್ಬರ ಪಕ್ಕದಲ್ಲಿ ಕೂತು ಓದಿ. 'ಬೆಳ್ವೊಲ ಮುನ್ನೂರು' ಎಂಬ ನಿಮ್ಮ ಸೀಮೆಯ ಹಳೆಯ ಹೆಸರನ್ನು ಶಾಸನದಲ್ಲೇ ಒಂದು ಸಲ ಕಣ್ಣಾರೆ ಕಂಡರೆ ನಿಮ್ಮೂರಿನ ಹೊಲ ಬೇರೆ ತರಹ ಕಾಣುತ್ತದೆ.

ಎರಡು ತಿಂಗಳು ಸಮಯ ತಗೊಳ್ಳಿ. 7 ಪುಟಕ್ಕಿಂತ ಜಾಸ್ತಿ ಬೇಡ. ಒಂದು ದಿನ ಬೆಳಗಿನ ಬಸ್ಸಿಗೆ ಲಕ್ಕುಂಡಿಯಲ್ಲಿ ಹತ್ತಿ ಗದಗಿನಲ್ಲಿ ಇಳಿಯಿರಿ. ದಿನಾ ಓಡಾಡುವ ದಾರಿಯೇ ಇರಬಹುದು. ಆದರೂ ಆ ದಿನ ನೋಟ್‌ಬುಕ್ ಹಿಡಿದು ಹೋಗಿ. ಯಾರು ಯಾವ ಕೆಲಸಕ್ಕೆ ಹೋಗುತ್ತಿದ್ದಾರೆ, ಕೈಯಲ್ಲಿ ಏನಿದೆ, ಸಂಜೆ ಏನು ತರುತ್ತಾರೆ, ನೋಡಿ ಬರೆದುಕೊಳ್ಳಿ.

3ನೇ ಪುಟದಲ್ಲಿ 'ನಮ್ಮ ಮನೆಯ ಹಿತ್ತಲ ಗೋಡೆಯಲ್ಲೂ ಒಂದು ಕೆತ್ತಿದ ಕಲ್ಲಿದೆ' ಎಂದು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಅದರ ಮೇಲೆ ಏನಿದೆ? ಹೂಬಳ್ಳಿಯಾ, ಆನೆಯಾ, ಅಕ್ಷರವಾ? ಅಕ್ಷರ ಇದ್ದರೆ ತೊಳೆಯಲು, ಉಜ್ಜಲು ಹೋಗಬೇಡಿ. ಸಂಜೆಯ ಓರೆ ಬಿಸಿಲಲ್ಲಿ ಒಂದು ಫೋಟೋ ತೆಗೆದು ಕಳಿಸಿ. ಗೋಡೆ ಕಟ್ಟಿದ್ದು ಯಾರ ಕಾಲದಲ್ಲಿ ಅಂತ ಮನೆಯಲ್ಲಿ ಕೇಳಿ ಅದನ್ನೂ ಬರೆಯಿರಿ.

ವಿಶ್ವಾಸದಿಂದ,
ಸಂಪಾದಕ