ನಿರುದ್ಯೋಗದ ಅಂಕಿ, ರೈಲು ಮಾರ್ಗದ ಕೂಲಿ

ಪ್ರಶ್ನೆ: ಎಂಜಿನಿಯರಿಂಗ್ ಮುಗಿಸಿದ ನನ್ನ ಮಗ ಎರಡು ವರ್ಷದಿಂದ ಮನೆಯಲ್ಲಿದ್ದಾನೆ. ಸಂಜೆ ಹೊತ್ತು ನನ್ನ ತಮ್ಮನ ಅಂಗಡಿಯಲ್ಲಿ ಲೆಕ್ಕ ಬರೆದುಕೊಡುತ್ತಾನೆ. ದೇಶದ ನಿರುದ್ಯೋಗ ಶೇ 3.2 ಎಂದು ಒಮ್ಮೆ, ಶೇ 5.1 ಎಂದು ಇನ್ನೊಮ್ಮೆ ಓದಿದೆ. ತುಮಕೂರು–ದಾವಣಗೆರೆ ರೈಲು ಮಾರ್ಗ ಹಾಗೂ ಭದ್ರಾ ಮೇಲ್ದಂಡೆ ನೀರಾವರಿ ಯೋಜನೆ ಮುಗಿದರೆ ನಮ್ಮ ಭಾಗದಲ್ಲಿ ಸಾವಿರಾರು ಉದ್ಯೋಗ ಸೃಷ್ಟಿಯಾಗುತ್ತದೆ ಎಂದೂ ಹೇಳುತ್ತಾರೆ. ಈ ಲೆಕ್ಕಗಳನ್ನು ಹೇಗೆ ಓದಬೇಕು?
— ನಿವೃತ್ತ ಶಿಕ್ಷಕರು, ದಾವಣಗೆರೆ

ಉತ್ತರ: ನೀವು ಓದಿದ ಎರಡೂ ಅಂಕಿಗಳು ಒಂದೇ ಸಮೀಕ್ಷೆಯವು, ಕಾಲ ಬೇರೆ, ಅಳತೆಗೋಲೂ ಬೇರೆ. ರಾಷ್ಟ್ರೀಯ ಸಾಂಖ್ಯಿಕ ಕಚೇರಿಯು 2017ರ ಏಪ್ರಿಲ್‌ನಿಂದ ನಡೆಸುತ್ತಿರುವ ಆವರ್ತಕ ಕಾರ್ಮಿಕ ಬಲ ಸಮೀಕ್ಷೆಯಲ್ಲಿ, 15 ವರ್ಷ ಮೇಲ್ಪಟ್ಟವರ ನಿರುದ್ಯೋಗ 2023-24ರಲ್ಲಿ ಶೇ 3.2 ಎಂದು ದಾಖಲಾಯಿತು. ಇದು ಹಿಂದಿನ 365 ದಿನಗಳನ್ನು ನೋಡುವ ಲೆಕ್ಕ. ವರ್ಷದ ಬಹುಪಾಲನ್ನು ಕೆಲಸ ಹುಡುಕುವುದರಲ್ಲೇ ಕಳೆದವನು ನಡುವೆ 30 ದಿನ ಹರಿಹರದ ಕಡೆ ಭತ್ತದ ನಾಟಿಗೆ ಹೋಗಿಬಂದಿದ್ದರೂ ಅವನು ಉದ್ಯೋಗಸ್ಥರ ಸಾಲಿಗೆ ಸೇರುತ್ತಾನೆ. ಶೇ 5.1 ಎಂಬುದು 2025ರ ಏಪ್ರಿಲ್ ತಿಂಗಳಿನದು. ಮಾಸಿಕ ವರದಿಯ ಪದ್ಧತಿ ಆರಂಭವಾದದ್ದೇ ಆ ತಿಂಗಳಿಂದ, ಮತ್ತು ಅದು ನೋಡುವುದು ಹಿಂದಿನ ಏಳು ದಿನಗಳನ್ನು ಮಾತ್ರ. ಆ ವಾರದಲ್ಲಿ ಯಾವುದಾದರೂ ಒಂದು ದಿನ ಒಂದು ಗಂಟೆ ದುಡಿದಿದ್ದರೂ ಸಾಕು, ಅವನು ನಿರುದ್ಯೋಗಿಯಲ್ಲ. ಆದ್ದರಿಂದ ಒಂದನ್ನು ಇನ್ನೊಂದರ ಪಕ್ಕದಲ್ಲಿಟ್ಟು ನಿರುದ್ಯೋಗ ಏರಿತು ಎನ್ನುವುದು, ಸೇರಿನಲ್ಲಿ ಅಳೆದದ್ದನ್ನು ಕಿಲೋದಲ್ಲಿ ತೂಗಿದ್ದಕ್ಕೆ ಹೋಲಿಸಿದಂತೆ.

ಇನ್ನು ನಿಮ್ಮ ಮಗನ ವಿಷಯ. ಚಿಕ್ಕಪ್ಪನ ಅಂಗಡಿಯಲ್ಲಿ ಸಂಬಳಕ್ಕೆ ಲೆಕ್ಕ ಬರೆಯುತ್ತಿದ್ದರೆ ವಾರದ ಲೆಕ್ಕದಲ್ಲಿ ಅವರು ಉದ್ಯೋಗಸ್ಥರು. ಅದನ್ನು ಬಿಟ್ಟು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಾ ಕುಳಿತು, ಸದ್ಯಕ್ಕೆ ಕೆಲಸ ಹುಡುಕುತ್ತಿಲ್ಲ, ಸಿಕ್ಕರೂ ಸೇರುವುದಿಲ್ಲ ಎಂದು ಗಣತಿದಾರರಿಗೆ ಹೇಳಿದರೆ, ಅವರು ಉದ್ಯೋಗಸ್ಥರೂ ಅಲ್ಲ, ನಿರುದ್ಯೋಗಿಯೂ ಅಲ್ಲ. ಕಾರ್ಮಿಕ ಬಲದಿಂದಲೇ, ಅಂದರೆ ದುಡಿಯುವವರು ಮತ್ತು ಕೆಲಸ ಹುಡುಕುವವರ ಒಟ್ಟು ಲೆಕ್ಕದಿಂದಲೇ ಹೊರಗೆ. ನಿಮ್ಮ ಮನೆಯ ಚಿಂತೆ ಎರಡು ಸಂದರ್ಭಗಳಲ್ಲೂ ಒಂದೇ, ಆದರೆ ಶೇಕಡಾವಾರು ಅಂಕಿಯಲ್ಲಿ ಅದು ಎರಡು ಬಾರಿಯೂ ಕಾಣುವುದಿಲ್ಲ. ಕಂಡಷ್ಟರಲ್ಲೇ, 15ರಿಂದ 29ರ ವಯಸ್ಸಿನವರ ನಿರುದ್ಯೋಗ 2023-24ರ ಅದೇ ವರದಿಯಲ್ಲಿ ಶೇ 10.2 ಇದೆ. ಮನೆಯಲ್ಲಿ ಓದಿದ ಹುಡುಗರಿರುವವರು ಮೊದಲು ನೋಡಬೇಕಾದ ಅಂಕಿ ಇದು.

ಸಂಬಳವಿಲ್ಲದ ದುಡಿಮೆಯೂ ಈ ಲೆಕ್ಕದಲ್ಲಿ ಉದ್ಯೋಗವೇ. ಮೊಳಕಾಲ್ಮೂರಿನಲ್ಲಿ ಗಂಡ ಮಗ್ಗದಲ್ಲಿ ಕೂತರೆ ಕಂಡಿಕೆ ಸುತ್ತುವ ಹೆಂಡತಿ, ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ಮನೆಯವರ ಜೊತೆ ಕೈಜೋಡಿಸುವ ಮಗಳು, ಇವರೆಲ್ಲ ಸ್ವಯಂ ಉದ್ಯೋಗಿಗಳ ವರ್ಗಕ್ಕೆ ಸೇರುತ್ತಾರೆ. ಅವರ ದುಡಿಮೆಯನ್ನು ಎಣಿಸುವುದು ಸರಿಯೇ; ಎಣಿಸದೆ ಬಿಟ್ಟಿದ್ದರೆ ಅನ್ಯಾಯವಾಗುತ್ತಿತ್ತು. ಆದರೆ ಮಹಿಳೆಯರ ಕಾರ್ಮಿಕ ಬಲ ಪಾಲ್ಗೊಳ್ಳುವಿಕೆ 2017-18ರ ಶೇ 23.3ರಿಂದ 2023-24ರಲ್ಲಿ ಶೇ 41.7ಕ್ಕೆ ಏರಿತು ಎಂದು ಓದಿದಾಗ, ಅಷ್ಟು ಹೆಣ್ಣುಮಕ್ಕಳ ಕೈಗೆ ಸಂಬಳ ಬಂತು ಎಂದು ಭಾವಿಸಬಾರದು. ಜಿಲ್ಲೆಯ ನಿರುದ್ಯೋಗ ದರ ಎಂದು ಯಾರಾದರೂ ದಶಮಾಂಶದವರೆಗೆ ಹೇಳಿದರೂ ಅನುಮಾನಿಸಿ: 2024ರವರೆಗಿನ ಸಮೀಕ್ಷೆಯ ಮಾದರಿಯನ್ನು ಜಿಲ್ಲಾ ಮಟ್ಟದ ಅಂದಾಜಿಗೆಂದು ರೂಪಿಸಿರಲಿಲ್ಲ.

ಈಗ ರೈಲು ಮಾರ್ಗ. 2011-12ರಲ್ಲಿ ಮಂಜೂರಾದ, ಸುಮಾರು 191 ಕಿಲೋಮೀಟರ್ ಉದ್ದದ ಈ ಮಾರ್ಗದಂತಹ ಕಾಮಗಾರಿಗಳಲ್ಲಿ ಉದ್ಯೋಗವನ್ನು ಮಾನವ ದಿನಗಳಲ್ಲಿ ಲೆಕ್ಕ ಹಾಕುತ್ತಾರೆ. ಸಾವಿರ ಜನ 200 ದಿನ ದುಡಿದರೆ ಎರಡು ಲಕ್ಷ ಮಾನವ ದಿನಗಳು. ಕೇಳಲು ದೊಡ್ಡದು, ಆದರೆ ವರ್ಷಕ್ಕೆ 300 ದಿನದಂತೆ ಭಾಗಿಸಿದರೆ ಸುಮಾರು 667 ಜನರಿಗೆ ಒಂದು ವರ್ಷದ ಕೆಲಸ, ಅಷ್ಟೆ. ಅದರಲ್ಲೂ ಮಣ್ಣಿನ ಕೆಲಸವನ್ನು ಜೆಸಿಬಿ, ಹಿಟಾಚಿ, ಟಿಪ್ಪರ್‌ಗಳೇ ಮುಗಿಸುತ್ತವೆ; ಸೆಂಟ್ರಿಂಗ್, ಕಂಬಿ ಕಟ್ಟುವ ಕೆಲಸಕ್ಕೆ ಗುತ್ತಿಗೆದಾರರು ಹೊರ ರಾಜ್ಯಗಳಿಂದ ತಂಡ ಕರೆತರುವುದೂ ಉಂಟು. ಇದರಿಂದಾಗಿಯೇ 2005ರ ಉದ್ಯೋಗ ಖಾತರಿ ಕಾಯ್ದೆಯಲ್ಲಿ ಗುತ್ತಿಗೆದಾರರನ್ನು ದೂರವಿಟ್ಟು, ಸಾಮಗ್ರಿ ವೆಚ್ಚ ಶೇ 40 ಮೀರಬಾರದೆಂದು ಕಟ್ಟು ಹಾಕಲಾಗಿತ್ತು. ಕೂಲಿಯೇ ಗುರಿಯಾದರೆ ಕೆರೆಯ ಹೂಳೆತ್ತುವುದು, ಬದು ಹಾಕುವುದು ಮೇಲು ಎಂಬುದು ನನ್ನ ಅಭಿಪ್ರಾಯ. ರೈಲು ಮಾರ್ಗವನ್ನು ಆ ತಕ್ಕಡಿಯಲ್ಲಿ ತೂಗಬಾರದು.

ರೈಲಿನ ಉದ್ಯೋಗ ಇರುವುದು ಹಳಿ ಹಾಕುವಲ್ಲಲ್ಲ, ಹಳಿ ಹಾಕಿದ ಮೇಲೆ. ಇಂದು ದಾವಣಗೆರೆಯಿಂದ ಬೆಂಗಳೂರಿಗೆ ಹೊರಟ ರೈಲು ಚಿಕ್ಕಜಾಜೂರು, ಬೀರೂರು, ಅರಸೀಕೆರೆ ಸುತ್ತಿ ತುಮಕೂರು ತಲುಪುತ್ತದೆ; ನೇರ ಮಾರ್ಗವಾದರೆ ಚಿತ್ರದುರ್ಗ, ಹಿರಿಯೂರು ಹಾದಿಗೆ ಬೀಳುತ್ತವೆ. ಆದರೆ ದಾರಿ ಎಂಬುದು ಎರಡೂ ಕಡೆಗೆ ತೆರೆದಿರುತ್ತದೆ. ನಮ್ಮ ಮೆಕ್ಕೆಜೋಳ ಹಸಿ ಸರಕಾಗಿಯೇ ಇನ್ನೂ ಅಗ್ಗದಲ್ಲಿ ಹೊರಗೆ ಸಾಗಬಹುದು, ಅಥವಾ ಕೋಳಿ ಆಹಾರದ, ಪಿಷ್ಟದ ಕಾರ್ಖಾನೆ ಇಲ್ಲಿಗೇ ಬರಬಹುದು. ಯಾವುದಾಗುತ್ತದೆ ಎಂಬುದನ್ನು ಹಳಿ ನಿರ್ಧರಿಸುವುದಿಲ್ಲ. ನಿಲ್ದಾಣದ ಬಳಿ ಗೋದಾಮು, ಕೈಗಾರಿಕಾ ನಿವೇಶನ, ತಡೆಯಿಲ್ಲದ ವಿದ್ಯುತ್, ನೀರು ಇವೆಯೇ ಎಂಬುದು ನಿರ್ಧರಿಸುತ್ತದೆ.

ಭದ್ರಾ ಮೇಲ್ದಂಡೆಯ ಮಾತು ಸ್ವಲ್ಪ ಬೇರೆ. ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು, ದಾವಣಗೆರೆ ಜಿಲ್ಲೆಗಳ ಸುಮಾರು 2.25 ಲಕ್ಷ ಹೆಕ್ಟೇರ್‌ಗೆ ಹನಿ, ತುಂತುರು ನೀರಾವರಿ ಒದಗಿಸುವ ಯೋಜನೆ ಅದು. ಮಳೆ ನಂಬಿ ಒಂದೇ ಬೆಳೆ ಶೇಂಗಾ ಬೆಳೆಯುವ ಹೊಲಕ್ಕೆ ಎರಡನೆಯ ಬೆಳೆ ಬಂದರೆ, ಕಾಫಿ ಸೀಮೆಗೂ ಬೆಂಗಳೂರಿಗೂ ಗುಳೆ ಹೋಗುವವರಿಗೆ ಊರಿನಲ್ಲೇ ಇನ್ನಷ್ಟು ದಿನಗಳ ಕೂಲಿ ಸಿಗುತ್ತದೆ. ಆದರೆ ನೀರು ಬಂದ ಹೊಲವೆಲ್ಲ ಅಡಿಕೆ ತೋಟವಾದರೆ ಲೆಕ್ಕ ಬದಲಾಗುತ್ತದೆ. ಗದ್ದೆ ತೋಟವಾದ ಕಡೆ ನಾಟಿ, ಕಳೆ ಕೀಳುವ ಹೆಣ್ಣಾಳುಗಳ ದಿನಗಳು ಕಡಿಮೆಯಾಗಿ, ಅಡಿಕೆ ಸುಲಿಯುವ ಕಾಲಕ್ಕೆ ಮಾತ್ರ ಕೆಲಸ ಉಳಿಯುತ್ತದೆ. ಹಾಗಾಗಿ ಕಾಲುವೆಯ ಯಶಸ್ಸನ್ನು ಅಳೆಯುವುದಾದರೆ, ಎಷ್ಟು ಎಕರೆಗೆ ನೀರು ಹರಿಯಿತು ಎಂಬುದರ ಜೊತೆಗೆ ಕೂಲಿ ಕುಟುಂಬಕ್ಕೆ ವರ್ಷಕ್ಕೆ ಎಷ್ಟು ದಿನ ಊರಿನಲ್ಲೇ ಕೆಲಸ ಸಿಕ್ಕಿತು ಎಂದೂ ಕೇಳಿ.

ಪ್ರಶ್ನೆ: ಭವಿಷ್ಯ ನಿಧಿಗೆ ಪ್ರತಿ ತಿಂಗಳು ಸೇರುವ ಹೊಸ ಸದಸ್ಯರ ಸಂಖ್ಯೆಯನ್ನೇ ಹೊಸ ಉದ್ಯೋಗ ಎನ್ನಬಹುದೇ?
— ಓದುಗರು, ಚಳ್ಳಕೆರೆ

ಉತ್ತರ: ಪೂರ್ತಿಯಾಗಿ ಅಲ್ಲ. ಸಾಮಾನ್ಯವಾಗಿ 20 ಅಥವಾ ಅದಕ್ಕಿಂತ ಹೆಚ್ಚು ಜನರಿರುವ ಸಂಸ್ಥೆಗಳಿಗೆ ಭವಿಷ್ಯ ನಿಧಿ ಕಾಯ್ದೆ ಅನ್ವಯಿಸುತ್ತದೆ. ನಿಮ್ಮೂರಿನ ಎಣ್ಣೆ ಗಿರಣಿಯೊಂದರಲ್ಲಿ 19 ಜನ ಹತ್ತು ವರ್ಷದಿಂದ ದುಡಿಯುತ್ತಿದ್ದಾರೆ ಎಂದುಕೊಳ್ಳಿ. ಮಾಲೀಕರು ಇನ್ನೊಬ್ಬರನ್ನು ಸೇರಿಸಿಕೊಂಡರೆ ಕಾಯ್ದೆ ಅನ್ವಯವಾಗುತ್ತದೆ, ವೇತನವು ಕಾಯ್ದೆಯ ಮಿತಿಯೊಳಗಿದ್ದರೆ 20 ಜನರ ಹೆಸರೂ ಒಟ್ಟಿಗೆ ನೋಂದಣಿಯಾಗುತ್ತದೆ. ಹಳಬರಿಗೆ ಭದ್ರತೆ ಸಿಕ್ಕಿತು, ಅದು ಒಳ್ಳೆಯದೇ. ಆ ತಿಂಗಳು ಪಟ್ಟಿಗೆ ಸೇರಿದ ಹೆಸರು 20, ಸೃಷ್ಟಿಯಾದ ಉದ್ಯೋಗ ಒಂದು.