ಸ್ಲೋ ಕುಕ್ಕರಿನಲ್ಲಿ ಬ್ರೆಡ್: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಹಿಂದಿನ ಸಂಚಿಕೆಯಲ್ಲಿ ಓವನ್ ಇಲ್ಲದವರು ಸ್ಲೋ ಕುಕ್ಕರಿನಲ್ಲೂ, ಅಂದರೆ ಕಡಿಮೆ ಕಾವಿನಲ್ಲಿ ತಾಸುಗಟ್ಟಲೆ ಬೇಯಿಸುವ ಕರೆಂಟಿನ ಪಾತ್ರೆಯಲ್ಲೂ, ಬ್ರೆಡ್ ಮಾಡಬಹುದು ಅಂತ ಒಂದೇ ಒಂದು ಸಾಲು ಬರೆದಿದ್ದೆ. ಆ ಒಂದು ಸಾಲಿಗೆ ಬಂದಷ್ಟು ಪ್ರಶ್ನೆಗಳು ಇಡೀ ಲೇಖನಕ್ಕೂ ಬರಲಿಲ್ಲ. ಒಂದೇ ತರಹದವನ್ನು ಸೇರಿಸಿ ಇಲ್ಲಿ ಉತ್ತರಿಸುತ್ತಿದ್ದೇನೆ.

ನಾನು ದಾವಣಗೆರೆಯವಳು. ಮಗಳ ಬಾಣಂತನಕ್ಕೆ ನ್ಯೂಜೆರ್ಸಿಗೆ ಬಂದಿದ್ದೇನೆ. ಬಾಡಿಗೆ ಮನೆ, ಓವನ್ ಕೆಟ್ಟು ಕೂತಿದೆ. ಸ್ಲೋ ಕುಕ್ಕರ್ ಮಾತ್ರ ಇದೆ. ಇಲ್ಲಿನ ಅಂಗಡಿ ಬ್ರೆಡ್ ನನಗೆ ಸಿಹಿ ಅನ್ನಿಸುತ್ತದೆ. ನಿಜವಾಗಿಯೂ ಇದರಲ್ಲಿ ಬ್ರೆಡ್ ಆಗುತ್ತಾ? ನನಗೆ ಬ್ರೆಡ್ ಮಾಡಿ ಅಭ್ಯಾಸವೇ ಇಲ್ಲ.

ಆಗುತ್ತದೆ ಅಮ್ಮ, ಚೆನ್ನಾಗಿಯೇ ಆಗುತ್ತದೆ. ಇಡ್ಲಿ ಹಿಟ್ಟಿನ ಹುದುಗು ನೋಡಿ ಹದ ಹೇಳುವ ಕೈಗೆ ಬ್ರೆಡ್ ಹಿಟ್ಟು ಕಷ್ಟವಲ್ಲ.

400 ಗ್ರಾಂ ಹಿಟ್ಟು ತೆಗೆದುಕೊಳ್ಳಿ. ಅಲ್ಲಿ ‘ಬ್ರೆಡ್ ಫ್ಲೋರ್’ ಅಂತಲೇ ಸಿಗುತ್ತದೆ, ಅದು ಒಳ್ಳೆಯದು. ಇಲ್ಲದಿದ್ದರೆ ‘ಆಲ್ ಪರ್ಪಸ್’ ಸಾಕು. ನಮ್ಮೂರಿನಲ್ಲಿರುವವರು ಮೈದಾ ಬಳಸಿ. ಅದಕ್ಕೆ ಎರಡು ಟೀ ಚಮಚ ಇನ್‌ಸ್ಟಂಟ್ ಈಸ್ಟ್, ಒಂದೂವರೆ ಟೀ ಚಮಚ ಪುಡಿ ಉಪ್ಪು, ಒಂದು ದೊಡ್ಡ ಚಮಚ ಸಕ್ಕರೆ, ಎರಡು ದೊಡ್ಡ ಚಮಚ ಎಣ್ಣೆ. ಸಕ್ಕರೆ ಬೇಡ ಅನ್ನಿಸಿದರೆ ಅರ್ಧ ಮಾಡಿ, ಏನೂ ಕೆಡುವುದಿಲ್ಲ. ಉಗುರುಬೆಚ್ಚಗಿನ ನೀರು 250ರಿಂದ 260 ಮಿಲಿ ಬೇಕಾಗುತ್ತದೆ, ಆದರೆ ಒಂದೇ ಸಲ ಸುರಿಯಬೇಡಿ, ಕೊನೆಯ ಎರಡು ಚಮಚ ನೀರನ್ನು ಕೈಯಲ್ಲಿ ಹಿಡಿದುಕೊಂಡು ಹಿಟ್ಟು ಕೇಳಿದರೆ ಮಾತ್ರ ಹಾಕಿ. ಚಪಾತಿ ಹಿಟ್ಟಿಗಿಂತ ಮೆತ್ತಗೆ, ಹೋಳಿಗೆ ಕಣಕಕ್ಕಿಂತ ಗಟ್ಟಿ ಇರಬೇಕು. ಎಂಟು ಹತ್ತು ನಿಮಿಷ ಚೆನ್ನಾಗಿ ನಾದಿ. ನಾದುತ್ತಾ ನಾದುತ್ತಾ ಕೈಗೆ ಅಂಟುವುದು ಕಡಿಮೆಯಾಗಿ ಹಿಟ್ಟು ನುಣ್ಣಗಾಗುತ್ತದೆ, ಅಲ್ಲಿಗೆ ನಿಲ್ಲಿಸಿ. ಮುಚ್ಚಿ ಸುಮಾರು ಮುಕ್ಕಾಲು ಗಂಟೆ ಬಿಡಿ.

ಆಮೇಲೆ ಗಾಳಿ ತೆಗೆದು, ಉಂಡೆ ಮಾಡಿ, ಬೇಕಿಂಗ್ ಕಾಗದದ ಮೇಲಿಟ್ಟು, ಕಾಗದದ ಸಮೇತ ಕುಕ್ಕರಿನ ಒಳಪಾತ್ರೆಗೆ ಇಳಿಸಿ. ಕುಕ್ಕರನ್ನು ಮೊದಲೇ ಕಾಯಿಸಬೇಡಿ. ತಣ್ಣಗಿರುವಾಗಲೇ ಹಿಟ್ಟು ಇಟ್ಟು ‘ಹೈ’ಗೆ ತಿರುಗಿಸಿದರೆ, ಪಾತ್ರೆ ನಿಧಾನಕ್ಕೆ ಬಿಸಿಯಾಗುವ ಆ ಮೊದಲ ಅರ್ಧ ಗಂಟೆಯಲ್ಲಿ ಹಿಟ್ಟು ಎರಡನೇ ಸಲ ಉಬ್ಬುತ್ತದೆ. ಈ ವಿಧಾನದ ದೊಡ್ಡ ಅನುಕೂಲವೇ ಇದು. ಮುಚ್ಚಳದ ಕೆಳಗೆ ಒಂದು ದಪ್ಪ ಹತ್ತಿ ಬಟ್ಟೆ ಹಾಸಿ, ಅಂಚುಗಳನ್ನು ಮುಚ್ಚಳದ ಮೇಲಕ್ಕೆ ಮಡಚಿ. ಬಟ್ಟೆ ಕೆಳಗೆ ಜೋತಾಡಿ ಕುಕ್ಕರಿನ ಬಿಸಿ ಮೈಗೆ ತಗುಲಬಾರದು.

ಸುಮಾರು ಎರಡು ಗಂಟೆ ಬೇಕು. ಒಂದೂವರೆ ಗಂಟೆ ತನಕ ಮುಚ್ಚಳ ತೆಗೆಯಲೇಬೇಡಿ. ಒಂದು ಸಲ ತೆಗೆದರೆ ಹೋದ ಕಾವು ಮತ್ತೆ ಬರಲು ಹತ್ತಿಪ್ಪತ್ತು ನಿಮಿಷ ಹಿಡಿಯುತ್ತದೆ. ‘ಲೋ’ದಲ್ಲಿ ಮಾಡಬೇಡಿ, ಬಿಸಿಯೇರುವುದು ತಡವಾಗಿ ಹಿಟ್ಟು ಅತಿಯಾಗಿ ಉಬ್ಬಿ ಕುಸಿಯುತ್ತದೆ.

ಬ್ರೆಡ್ ಒಳಗೆ ಬೆಂದಿತ್ತು, ಆದರೆ ಮೇಲ್ಭಾಗ ಬೆಳ್ಳಗೆ, ಒದ್ದೆ ಒದ್ದೆ. ಬೇಕರಿ ಬ್ರೆಡ್ಡಿನ ಬಣ್ಣ ಬರಲೇ ಇಲ್ಲ. ಇನ್ನೂ ಒಂದು ಗಂಟೆ ಇಡಬೇಕಿತ್ತಾ? (ಮೈಸೂರು, ಇದೇ ಪ್ರಶ್ನೆ ಇನ್ನೂ ಆರು ಜನರದ್ದು)

ಇಡಬಾರದು. ನಾಲ್ಕು ಗಂಟೆ ಇಟ್ಟರೂ ಆ ಬಣ್ಣ ಬರುವುದಿಲ್ಲ, ಬ್ರೆಡ್ ಒಣಗುತ್ತದೆ ಅಷ್ಟೇ.

ಯಾಕೆ ಅಂತ ತಿಳಿದರೆ ಉಳಿದ ಮುಕ್ಕಾಲು ಸಮಸ್ಯೆ ತಾನಾಗಿ ಬಗೆಹರಿಯುತ್ತದೆ. ಬ್ರೆಡ್ಡಿನ ಮೇಲ್ಪದರ ಕೆಂಪಗಾಗಲು ಸುಮಾರು 140 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚಿನ ಒಣ ಶಾಖ ಬೇಕು. ಸ್ಲೋ ಕುಕ್ಕರಿನ ಒಳಗೆ ಇರುವುದು ಹಬೆ, ಅದು 100 ಡಿಗ್ರಿ ದಾಟುವುದಿಲ್ಲ. ಪಾತ್ರೆಗೆ ತಾಗಿದ ಬದಿ ಮತ್ತು ತಳ ಮಾತ್ರ ಹೆಚ್ಚು ಬಿಸಿ ಕಂಡು ಹೊಂಬಣ್ಣಕ್ಕೆ ಬರುತ್ತವೆ. ಅದು ಯಂತ್ರದ ದೋಷವಲ್ಲ, ಅದನ್ನು ಮಾಡಿದ್ದೇ ಬೇರೆ ಕೆಲಸಕ್ಕೆ. ಅಮೆರಿಕದ ಇರ್ವಿಂಗ್ ನ್ಯಾಕ್ಸನ್ ಎಂಬವರು ಇದಕ್ಕೆ 1940ರಲ್ಲಿ ಪೇಟೆಂಟ್ ಪಡೆದರು. ಲಿಥುವೇನಿಯಾದ ವಿಲ್ನಾ ಕಡೆಯ ಯಹೂದಿ ಮನೆಗಳಲ್ಲಿ ಶುಕ್ರವಾರ ಸಂಜೆ ಕಾಳು, ಮಾಂಸ ತುಂಬಿದ ಗಡಿಗೆಯನ್ನು ಊರ ಬೇಕರಿಗೆ ಕೊಡುತ್ತಿದ್ದರು, ಸಬ್ಬತ್ತಿಗೆ (ಬೆಂಕಿ ಹೊತ್ತಿಸದ ಅವರ ವಾರದ ವಿಶ್ರಾಂತಿ ದಿನ) ಅಂತ ಒಲೆ ಆರಿಸಿದ ಮೇಲೆ ಉಳಿದ ಕಾವಿನಲ್ಲಿ ಅದು ರಾತ್ರಿಯಿಡೀ ಬೇಯುತ್ತಿತ್ತು. ತಾಯಿಯಿಂದ ಕೇಳಿದ ಆ ಕಥೆಯೇ ನ್ಯಾಕ್ಸನ್ನರಿಗೆ ಈ ಪಾತ್ರೆಯ ಯೋಚನೆ ಕೊಟ್ಟಿತು. 1971ರಲ್ಲಿ ರೈವಲ್ ಕಂಪನಿ ಅದನ್ನೇ ಸುಧಾರಿಸಿ ‘ಕ್ರಾಕ್ ಪಾಟ್’ ಅಂತ ಮಾರಿದ ಮೇಲೆ ಅದು ಮನೆಮನೆ ಸೇರಿತು. ಬ್ರೆಡ್ ತೆಗೆದ ಮೇಲಿನ ಒಲೆಯ ಕಾವಿನಿಂದ ಹುಟ್ಟಿದ ಪಾತ್ರೆಯಲ್ಲಿ ನಾವು ಈಗ ಬ್ರೆಡ್ ಮಾಡುತ್ತಿದ್ದೇವೆ, ನನಗೆ ಇದು ಬಹಳ ಇಷ್ಟವಾದ ವಿಷಯ. ಇರಲಿ. ಕಾಳು ಬೇಯಿಸುವ ಪಾತ್ರೆ ನೀರನ್ನು ಹೊರಗೆ ಬಿಡದೆ ಒಳಗೇ ಹಿಡಿದಿಡುತ್ತದೆ. ಕಾಳಿಗೆ ಅದು ಬೇಕು, ಬ್ರೆಡ್ಡಿಗೆ ಬೇಡ.

ಹಾಗಾಗಿ ಈ ಬ್ರೆಡ್ಡಿನಲ್ಲಿ ನೀವು ನೋಡಿಕೊಳ್ಳಬೇಕಾದ್ದು ಹಬೆಯನ್ನು. ಕಡುಬು ಬೇಯಿಸುವಾಗ ಮುಚ್ಚಳದಿಂದ ನೀರು ತೊಟ್ಟಿಕ್ಕಬಾರದು ಅಂತ ಬಟ್ಟೆ ಕಟ್ಟುತ್ತೇವಲ್ಲ, ಇಲ್ಲೂ ಅದೇ. ತೆಳು ಕರವಸ್ತ್ರ ಸಾಲದು, ಅರ್ಧ ಗಂಟೆಯಲ್ಲಿ ನೆನೆದು ಅದೇ ತೊಟ್ಟಿಕ್ಕಲು ಶುರು ಮಾಡುತ್ತದೆ. ದಪ್ಪ ಟವೆಲ್ಲನ್ನು ಎರಡು ಪದರ ಮಾಡಿ. ಒಂದೂವರೆ ಗಂಟೆಗೆ ತೆಗೆದು ನೋಡುವಾಗ ಅದು ಒದ್ದೆಯಾಗಿದ್ದರೆ ಒಣ ಟವೆಲ್ ಬದಲಿಸಿ.

ಬಣ್ಣ ಬೇಕೇ ಬೇಕು ಅನ್ನುವವರಿಗೆ: ಗ್ರಿಲ್ ಅಥವಾ ಓಟಿಜಿ (ಮೇಜಿನ ಮೇಲಿಡುವ ಸಣ್ಣ ಕರೆಂಟ್ ಓವನ್) ಇದ್ದರೆ ಬ್ರೆಡ್ ಹೊರತೆಗೆದು, ಕಾಗದ ಬಿಡಿಸಿ, ಮೇಲಿನ ಕಾವಿನಲ್ಲಿ ನಾಲ್ಕೈದು ನಿಮಿಷ ಇಡಿ. ಕುಕ್ಕರಿನ ಒಳಪಾತ್ರೆಯನ್ನೇ ಎತ್ತಿ ಅಲ್ಲಿಡಬೇಡಿ, ಒಡೆಯಬಹುದು. ಏನೂ ಇಲ್ಲದವರು ನಾನು ಮಾಡುವ ಹಾಗೆ ಮಾಡಿ. ಕಬ್ಬಿಣದ ದೋಸೆ ಕಾವಲಿ ಕಾಯಿಸಿ, ಸ್ವಲ್ಪ ಬೆಣ್ಣೆ ಸವರಿ, ಬ್ರೆಡ್ಡನ್ನು ತಲೆಕೆಳಗಾಗಿ ಅದರ ಮೇಲೆ ಕೂರಿಸಿ, ಸಣ್ಣ ಉರಿಯಲ್ಲಿ ಮೂರು ನಾಲ್ಕು ನಿಮಿಷ ಮೆಲ್ಲಗೆ ಒತ್ತಿ ಹಿಡಿಯಿರಿ. ದೋಸೆಯಷ್ಟೇ ಚಂದದ ಬಣ್ಣ ಬರುತ್ತದೆ, ಬೆಣ್ಣೆ ಪರಿಮಳ ಬೇರೆ.

ಬಣ್ಣ ನೋಡಿ ಗೊತ್ತಾಗದಿದ್ದರೆ ಬೆಂದಿದೆ ಅಂತ ತಿಳಿಯುವುದು ಹೇಗೆ? (ಬೆಂಗಳೂರು)

ಅಡುಗೆ ಥರ್ಮಾಮೀಟರ್ ಇದ್ದರೆ ನಡುಭಾಗಕ್ಕೆ ಚುಚ್ಚಿ, 90ರಿಂದ 95 ಡಿಗ್ರಿ ತೋರಿಸಿದರೆ ಆಯಿತು. ಇಲ್ಲದಿದ್ದರೆ ಹೊರಗೆ ತೆಗೆದು ತಳಕ್ಕೆ ಬೆರಳಿನಿಂದ ತಟ್ಟಿ. ಟೊಳ್ಳು ಸದ್ದು ಬರಬೇಕು. ತೆಂಗಿನಕಾಯಿ ತಟ್ಟಿ ನೋಡುವ ಕಿವಿ ನಮ್ಮೆಲ್ಲರಿಗೂ ಇದೆ, ಅಲ್ವಾ? ತಳ ಹೊಂಬಣ್ಣಕ್ಕೆ ಬಂದಿರಬೇಕು, ಬದಿ ಒತ್ತಿದರೆ ಮತ್ತೆ ಮೇಲೇಳಬೇಕು.

ಹಿಟ್ಟು ಬೇಗ ಉಬ್ಬಲಿ ಅಂತ ಕುಕ್ಕರಿನಲ್ಲೇ ‘ವಾರ್ಮ್’ಗೆ ಹಾಕಿ ಒಂದು ಗಂಟೆ ಇಟ್ಟೆ. ಆಮೇಲೆ ಹೈ ಮಾಡಿದೆ. ಕಲ್ಲಿನ ಹಾಗಾಯಿತು. ಈಸ್ಟ್ ಹೊಸದೇ. (ಹುಬ್ಬಳ್ಳಿ)

ನಿಮ್ಮ ಈಸ್ಟ್ ಹೊಸದೇ ಇರಬಹುದು, ಅದು ಕುಕ್ಕರಿನಲ್ಲಿ ಸತ್ತಿದೆ. ವಾರ್ಮ್ ಅಂದರೆ ಬೆಚ್ಚಗೆ ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ಅದು ಮಾಡಿಟ್ಟ ಅಡುಗೆ ಕೆಡದ ಹಾಗೆ ಬಿಸಿ ಇಡುವುದಕ್ಕೆ ಇರುವುದು, 60 ಡಿಗ್ರಿಗೂ ಮೇಲಿರುತ್ತದೆ. ಈಸ್ಟ್ 55ರಿಂದ 60 ಡಿಗ್ರಿಯಲ್ಲಿ ಸಾಯುತ್ತದೆ. ಪಾತ್ರೆಗೆ ತಾಗಿದ ಅಂಚು ಮೊದಲು ಅರೆಬೆಂದು ಗಟ್ಟಿಯಾಗುತ್ತದೆ, ಆಮೇಲೆ ಒಳಗಿನ ಹಿಟ್ಟು ಉಬ್ಬಲು ನೋಡಿದರೂ ಗೋಡೆ ಬಿಡುವುದಿಲ್ಲ. ನನ್ನ ಎರಡನೇ ಬ್ರೆಡ್ ಹೀಗೇ ಆಗಿತ್ತು. ಕತ್ತರಿಸಿ ನೋಡಿದಾಗ ಅಂಚಿನಲ್ಲಿ ಬೆರಳುದಪ್ಪ ಬಿಗಿ ಪದರ, ನಡುವೆ ಮಾತ್ರ ತೂತು ತೂತು. ಅದನ್ನು ನೋಡಿದ ಮೇಲೇ ನನಗೆ ಕಾರಣ ತಿಳಿದದ್ದು.

ನಿಮಗೆ ಚಳಿಯ ದಿನ ಬೆಚ್ಚಗಿನ ಜಾಗ ಬೇಕಿದ್ದರೆ, ಒಳಪಾತ್ರೆಗೆ ಸ್ನಾನದ ನೀರಿನಷ್ಟು ಬಿಸಿನೀರು ಹಾಕಿ ಹತ್ತು ನಿಮಿಷ ಬಿಟ್ಟು, ಚೆಲ್ಲಿ, ಒರೆಸಿ, ಹಿಟ್ಟು ಇಟ್ಟು ಮುಚ್ಚಿ. ಸ್ವಿಚ್ ಮುಟ್ಟಬೇಡಿ. ಹುಬ್ಬಳ್ಳಿಯಲ್ಲಿ ವರ್ಷದ ಹೆಚ್ಚಿನ ದಿನ ಅದೂ ಬೇಡ, ಸುಮ್ನೆ ಅಡುಗೆಮನೆ ಕಟ್ಟೆಯ ಮೇಲೆ ಬಿಟ್ಟರೆ ಸಾಕು.

ನಮ್ಮಲ್ಲಿರುವುದು ಎಲೆಕ್ಟ್ರಿಕ್ ಪ್ರೆಷರ್ ಕುಕ್ಕರ್, ಅದರಲ್ಲಿ ಸ್ಲೋ ಕುಕ್ ಬಟನ್ ಇದೆ. ನಡೆಯುತ್ತಾ? (ಬೆಂಗಳೂರು)

ನಡೆಯುತ್ತದೆ, ಎರಡು ಎಚ್ಚರ ಬೇಕು. ಪ್ರೆಷರ್ ಮುಚ್ಚಳದ ಕೆಳಗೆ ಬಟ್ಟೆ ಖಂಡಿತ ಹಾಕಬೇಡಿ, ಹಬೆ ಹೋಗುವ ದಾರಿ ಮುಚ್ಚಿಹೋದರೆ ಅಪಾಯ. ಅದಕ್ಕೆ ಹೊಂದುವ ಬೇರೆ ಗಾಜಿನ ಮುಚ್ಚಳ ಬಳಸಿ, ಬಟ್ಟೆ ಅದಕ್ಕೆ ಹಾಸಿ. ಎರಡನೆಯದು, ಮಣ್ಣಿನ ಪಾತ್ರೆಯ ಸ್ಲೋ ಕುಕ್ಕರಿಗೆ ಹೆಚ್ಚಾಗಿ ಸುತ್ತಲಿಂದ ಕಾವು ಬರುತ್ತದೆ, ನಿಮ್ಮದಕ್ಕೆ ತಳದಿಂದ ಮಾತ್ರ. ತಳ ಬೇಗ ಕಪ್ಪಾಗುತ್ತದೆ, ಮೇಲ್ಭಾಗ ಹಿಂದೆ ಬೀಳುತ್ತದೆ. ಕಾಗದ ಎರಡು ಪದರ ಹಾಕಿ, ಒಂದೂವರೆ ಗಂಟೆ ಆದ ಮೇಲೆ ಬ್ರೆಡ್ಡನ್ನು ಮಗುಚಿ. ಒಟ್ಟು ಸಮಯವೂ ಸ್ವಲ್ಪ ಜಾಸ್ತಿ ಹಿಡಿಯುತ್ತದೆ. ಆದರೆ ಮೊಸರು ಮಾಡುವ ಬಟನ್ ಇದ್ದರೆ ಹಿಟ್ಟು ಉಬ್ಬಿಸಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ, ಅರ್ಧ ಗಂಟೆ ಸಾಕು.

ಮೈದಾ ಬೇಡ. ಬರೀ ಗೋಧಿ ಹಿಟ್ಟಿನಲ್ಲಿ ಅಥವಾ ರಾಗಿಯಲ್ಲಿ ಆಗುತ್ತಾ? (ತುಮಕೂರು, ಮಂಡ್ಯ, ಪುಣೆ)

ಬರೀ ರಾಗಿಯಲ್ಲಿ ಆಗುವುದಿಲ್ಲ. ಉಬ್ಬಿದ ಗಾಳಿಯನ್ನು ಹಿಡಿದಿಡುವುದು ಗ್ಲುಟನ್, ರಾಗಿಯಲ್ಲಿ ಅದು ಇಲ್ಲವೇ ಇಲ್ಲ. ಬರೀ ಗೋಧಿಯಲ್ಲಿ ಆಗುತ್ತದೆ, ಆದರೆ ಬ್ರೆಡ್ ಎತ್ತರ ಕಡಿಮೆ, ಒಳಗೆ ಬಿಗಿ. ಗಿರಣಿಯಲ್ಲಿ ಕಲ್ಲಿನಲ್ಲಿ ಬೀಸಿದ ಹಿಟ್ಟು ಮೈದಾಗಿಂತ ಹೆಚ್ಚು ನೀರು ಕುಡಿಯುತ್ತದೆ, 400 ಗ್ರಾಂಗೆ 290ರಿಂದ 300 ಮಿಲಿ ಬೇಕು. ಕಲಸಿ ಅರ್ಧ ಗಂಟೆ ಬಿಟ್ಟು ಆಮೇಲೆ ನಾದಿ, ಹೊಟ್ಟು ನೀರು ಕುಡಿದು ಮೆತ್ತಗಾಗುತ್ತದೆ. ಮೊದಲ ಸಲ ಅರ್ಧ ಗೋಧಿ, ಅರ್ಧ ಮೈದಾ ಹಾಕಿ ಮಾಡಿ ಅನ್ನುವುದು ನನ್ನ ಸಲಹೆ. ಕೈ ಕೂತ ಮೇಲೆ ಗೋಧಿ ಏರಿಸುತ್ತಾ ಹೋಗಿ.

ರಾಗಿ ಇಷ್ಟಪಡುವವರಿಗೆ ಒಂದು ದಾರಿ ಇದೆ, ನನ್ನ ಮನೆಯಲ್ಲಿ ವಾರಕ್ಕೊಂದು ಸಲ ಆಗುವುದೇ ಇದು. 40 ಗ್ರಾಂ ರಾಗಿ ಹಿಟ್ಟನ್ನು 160 ಮಿಲಿ ನೀರಿನಲ್ಲಿ ಗಂಟಿಲ್ಲದೆ ಕದಡಿ, ದಪ್ಪ ಗಂಜಿ ಕಾಯಿಸಿ, ಪೂರ್ತಿ ಆರಿಸಿ. ಅದನ್ನು 360 ಗ್ರಾಂ ಮೈದಾಕ್ಕೆ ಸೇರಿಸಿ ನಾದಿ. ಉಳಿದ ನೀರು 100 ಮಿಲಿ ಆಸುಪಾಸು, ಸ್ವಲ್ಪ ಸ್ವಲ್ಪವೇ ಹಾಕಿ. ಒಣ ರಾಗಿ ಹಿಟ್ಟು ಹಾಕಿದರೆ ಬ್ರೆಡ್ ಪುಡಿಪುಡಿ ಅನ್ನಿಸುತ್ತದೆ. ಗಂಜಿಯಾದ ರಾಗಿ ನೀರನ್ನು ಹಿಡಿದಿಟ್ಟುಕೊಂಡು ಮೂರನೇ ದಿನಕ್ಕೂ ಮೆತ್ತಗೆ ಇರಿಸುತ್ತದೆ. ಬಣ್ಣ ತಿಳಿ ಕಂದು, ರುಚಿಯಲ್ಲಿ ರಾಗಿ ಹುರಿದ ಘಮ. ಹುಚ್ಚೆಳ್ಳು ಚಟ್ನಿಪುಡಿ, ತುಪ್ಪ ಹಾಕಿ ತಿಂದು ನೋಡಿ.

ಎರಡನೇ ದಿನಕ್ಕೆ ಬ್ರೆಡ್ಡಿನ ನಡುವೆ ಅಂಟು ಅಂಟು, ಏನೋ ಹಣ್ಣು ಕೊಳೆತ ವಾಸನೆ. ಬೂಷ್ಟು ಕಾಣಲಿಲ್ಲ. ತಿನ್ನಬಹುದಾ? (ಉಡುಪಿ)

ತಿನ್ನಬೇಡಿ, ಎಸೆಯಿರಿ. ಇದಕ್ಕೆ ‘ರೋಪ್’ ಅನ್ನುತ್ತಾರೆ. ಹಿಟ್ಟಿನಲ್ಲೇ ಇರುವ ಒಂದು ಜಾತಿಯ ಬ್ಯಾಕ್ಟೀರಿಯಾದ ಬೀಜಕಣಗಳು ಬೇಯಿಸಿದರೂ ಸಾಯುವುದಿಲ್ಲ, ಬೆಚ್ಚಗೆ, ತೇವವಾಗಿ ಇದ್ದರೆ ಮತ್ತೆ ಚಿಗುರುತ್ತವೆ. ಬ್ರೆಡ್ ಮುರಿದರೆ ನೂಲಿನ ಹಾಗೆ ಎಳೆ ಬರುತ್ತದೆ, ಅತಿಯಾಗಿ ಹಣ್ಣಾದ ಅನಾನಸ್ ವಾಸನೆ ಇರುತ್ತದೆ. ಕರಾವಳಿಯ ಸೆಕೆಗೆ, ಅದರಲ್ಲೂ ಹಬೆಯಲ್ಲಿ ಬೆಂದ ತೇವದ ಬ್ರೆಡ್ಡಿಗೆ, ಇದರ ಭಯ ಜಾಸ್ತಿ.

ಹಲಗೆ, ಚಾಕು, ಡಬ್ಬಿ, ಹಿಟ್ಟು ಕಲಸಿದ ಪಾತ್ರೆ ಎಲ್ಲವನ್ನೂ ತೊಳೆದು ವಿನೆಗರ್ ಹಚ್ಚಿ ಒರೆಸಿ. ಮುಂದಿನ ಸಲ ಹಿಟ್ಟಿಗೇ ಒಂದು ಟೀ ಚಮಚ ವಿನೆಗರ್ ಸೇರಿಸಿ, ಹುಳಿ ಇದ್ದರೆ ಆ ಬ್ಯಾಕ್ಟೀರಿಯಾ ಬೆಳೆಯಲು ಒದ್ದಾಡುತ್ತದೆ, ರುಚಿಯಲ್ಲಿ ಗೊತ್ತೇ ಆಗುವುದಿಲ್ಲ. ಬೆಂದ ಕೂಡಲೇ ಕುಕ್ಕರಿನಿಂದ ತೆಗೆದು ಜಾಲರಿಯ ಮೇಲೆ ಆರಿಸಿ, ಬಿಸಿ ಇರುವಾಗ ಡಬ್ಬಿಗೆ ಹಾಕಿ ಮುಚ್ಚಬೇಡಿ. ಒಂದು ದಿನಕ್ಕೆ ಬೇಕಾದಷ್ಟು ಹೊರಗಿಟ್ಟು ಉಳಿದದ್ದನ್ನು ಹೋಳು ಮಾಡಿ ಫ್ರೀಜರಿಗೆ ಹಾಕಿ. ಫ್ರಿಜ್ಜಿನ ಕೆಳಗಿನ ಅರೆಯಲ್ಲಿ ಇಟ್ಟರೆ ಹೊರಗಿಟ್ಟದ್ದಕ್ಕಿಂತ ಬೇಗ ಬಿರುಸಾಗುತ್ತದೆ, ಫ್ರೀಜರಿನಲ್ಲಿ ಹಾಗಾಗುವುದಿಲ್ಲ.

ನಡುವೆ ಕರೆಂಟು ಹೋದರೆ? ಬಿಲ್ಲು ಎಷ್ಟು ಬರುತ್ತದೆ? (ಕಲಬುರಗಿ)

ಮೊದಲ ಅರ್ಧ ಗಂಟೆಯಲ್ಲಿ ಹೋದರೆ ಮುಚ್ಚಿಡಿ, ಬಂದ ಮೇಲೆ ಮುಂದುವರಿಸಿ. ಆದರೆ ತಾಸುಗಟ್ಟಲೆ ಬರದಿದ್ದರೆ ಹಿಟ್ಟು ಉಕ್ಕಿ ಕುಸಿಯುತ್ತದೆ, ಆಗ ಮತ್ತೆ ನಾದಿ ಉಂಡೆ ಮಾಡಿ ಶುರು ಮಾಡಿ. ಒಂದು ಗಂಟೆ ಬೆಂದ ಮೇಲೆ ಹೋದರೆ ಮುಚ್ಚಳ ತೆಗೆಯಬೇಡಿ, ದಪ್ಪ ಪಾತ್ರೆ ಹದಿನೈದಿಪ್ಪತ್ತು ನಿಮಿಷ ಕಾವು ಹಿಡಿದಿರುತ್ತದೆ. ಅದಕ್ಕೂ ತಡವಾದರೆ ಬ್ರೆಡ್ಡನ್ನು ಕಾಗದದ ಸಮೇತ ದಪ್ಪ ತಳದ ಬಾಣಲೆಗೆ ದಾಟಿಸಿ, ಮುಚ್ಚಿ, ಕಾವಲಿಯ ಮೇಲಿಟ್ಟು ಸಣ್ಣ ಉರಿಯಲ್ಲಿ ಮುಗಿಸಿ. ಬಿಲ್ಲಿನ ವಿಷಯಕ್ಕೆ ಬಂದರೆ, 250 ವ್ಯಾಟಿನ ಕುಕ್ಕರ್ ಎರಡು ಗಂಟೆ ಓಡಿದರೆ ಅರ್ಧ ಯೂನಿಟ್.

ಕತ್ತರಿಸುವಾಗ ಮುದ್ದೆಯಾಗುತ್ತದೆ, ಹೋಳು ಬರುವುದಿಲ್ಲ. (ಶಿವಮೊಗ್ಗ)

ಬಿಸಿ ಬಿಸಿ ಕತ್ತರಿಸುತ್ತಿದ್ದೀರಿ. ಒಳಗಿನ ಹಬೆ ಇನ್ನೂ ಹೊರಗೆ ಬಂದಿರುವುದಿಲ್ಲ, ಚಾಕು ಇಟ್ಟರೆ ಹಿಟ್ಟು ಅಂಟುತ್ತದೆ. ಕಡಿಮೆ ಅಂದರೂ ಒಂದು ಗಂಟೆ ಕಾಯಿರಿ. ಹಲ್ಲಿರುವ ಚಾಕು ಬಳಸಿ, ಒತ್ತದೆ ಗರಗಸದ ಹಾಗೆ ಎಳೆಯಿರಿ. ಮನೆಯವರು ಕಾಯುವುದಿಲ್ಲ ಅಂದರೆ ಹಿಟ್ಟನ್ನು ಒಂದು ಉಂಡೆ ಮಾಡುವ ಬದಲು ಎಂಟು ಸಣ್ಣ ಉಂಡೆ ಮಾಡಿ ಪಕ್ಕಪಕ್ಕದಲ್ಲಿ ಜೋಡಿಸಿ. ಒಂದೂಕಾಲು ಗಂಟೆಗೆ ತೆಗೆದು ನೋಡಿ, ಅಷ್ಟರಲ್ಲಿ ಬೆಂದಿರುತ್ತವೆ. ಚಾಕು ಬೇಡ, ಕೈಯಲ್ಲೇ ಬಿಡಿಸಿ ಬಿಸಿಯಾಗಿ ತಿನ್ನಬಹುದು.